‘ನೆನಪು ಅಳಿಸು’ ಎಂಬ ಬಳಕೆ ಸರಿಯೇ?

ಬಳಗದವರಿಗೆ ನಮಸ್ಕಾರ.

ಬೇಡದ ನೆನಪುಗಳ ಚಿಕಿತ್ಸೆಯ ಕುರಿತ ಲೇಖನವೊಂದನ್ನು ತಿದ್ದುತ್ತಿದ್ದೇನೆ. ಲೇಖಕರು ಉದ್ದಕ್ಕೂ ‘ನೆನಪನ್ನು ಅಳಿಸುವುದು’ ಎಂದೇ ಬರೆದಿದ್ದಾರೆ. ನನ್ನ ತಕರಾರು ಆ ಕ್ರಿಯಾಪದದ ಮೇಲೆ.

2000ರಲ್ಲಿ ನರವಿಜ್ಞಾನಿ ಕರೀಮ್ ನಾದರ್ ಮತ್ತು ಸಂಗಡಿಗರು ಇಲಿಗಳಲ್ಲಿ ತೋರಿಸಿದ್ದು ಇಷ್ಟು: ಹಳೆಯ ಭಯವನ್ನು ಕೆದಕಿದಾಗ ಆ ನೆನಪು ಕೆಲಹೊತ್ತು ಸಡಿಲವಾಗುತ್ತದೆ. ಆಗ ಮಿದುಳಿನಲ್ಲಿ ಭಯಕ್ಕೆ ಸಂಬಂಧಿಸಿದ ಭಾಗವಾದ ಅಮಿಗ್ಡಲದಲ್ಲಿ ಪ್ರೋಟೀನ್ ತಯಾರಿಕೆಯನ್ನು ತಡೆದರೆ ಅದು ಮತ್ತೆ ಗಟ್ಟಿಯಾಗದು. 2009ರಲ್ಲಿ ಮನೋವಿಜ್ಞಾನಿ ಮೆರೆಲ್ ಕಿಂಡ್ಟ್ ತಂಡ, ಜೇಡದ ಚಿತ್ರ ತೋರಿಸಿ ಶಾಕ್ ಕೊಟ್ಟು ಭಯ ಕಲಿಸಿದ್ದ ಮನುಷ್ಯರಿಗೆ ಪ್ರೊಪ್ರನೊಲಾಲ್ ಎಂಬ ರಕ್ತದೊತ್ತಡದ ಔಷಧಿ ಕೊಟ್ಟು ನೋಡಿತು. ಆ ಚಿತ್ರದ ಜೊತೆ ಶಾಕ್ ಬರುತ್ತದೆಂಬುದು ಅವರಿಗೆ ಚೆನ್ನಾಗಿ ನೆನಪಿತ್ತು. ಬೆಚ್ಚಿಬೀಳುವುದು ಮಾತ್ರ ನಿಂತಿತ್ತು. (ಮುಂದಿನ ಪ್ರಯೋಗಗಳಲ್ಲೆಲ್ಲ ಇದೇ ಫಲಿತಾಂಶ ಬಂದಿಲ್ಲ.) ಹಾಗಾದರೆ ಇಲ್ಲಿ ಅಳಿದದ್ದು ಯಾವುದು?

ಒಪ್ಪಿಗೆ ಪತ್ರದಲ್ಲಿ ‘ಅಳಿಸು’ ಎಂದು ಕಂಡ ರೋಗಿ ಘಟನೆಯೇ ಮನಸ್ಸಿನಿಂದ ಹೋಗುತ್ತದೆಂದು ನಂಬುತ್ತಾರೆ, ಇಲ್ಲವೇ ಅದೇ ಪದಕ್ಕೆ ಹೆದರಿ ದೂರ ಉಳಿಯುತ್ತಾರೆ. ದೌರ್ಜನ್ಯಕ್ಕೊಳಗಾದವರು ಸಾಕ್ಷಿ ಹೇಳಲು ನಿಂತಾಗ ‘ಇವರು ನೆನಪು ಅಳಿಸಿಕೊಂಡವರು’ ಎಂಬ ಒಂದು ಮಾತು ಎದುರು ವಕೀಲರಿಗೆ ಸಾಕು. ಪದ ಬದಲಿಸಿದರೆ ಅಪಾಯವೆಲ್ಲ ತೀರಿತು ಎನ್ನುತ್ತಿಲ್ಲ. ನಡುಗದೆ ಹೇಳಿದ ಸಾಕ್ಷ್ಯವನ್ನು ಜನ ನಂಬದೇ ಹೋಗಬಹುದು. ತಪ್ಪು ಮಾಡಿದವನ ಅಳುಕೂ ಇದೇ ದಾರಿಯಲ್ಲಿ ತೊಲಗಬಹುದು. ಆದರೆ ಇವು ನಿಜವಾದ ಅಪಾಯಗಳು, ಪದ ಹುಟ್ಟಿಸಿದವಲ್ಲ.

‘ಮರೆಸು’ ಕೂಡ ಒಗ್ಗುವುದಿಲ್ಲ, ಏಕೆಂದರೆ ಇಲ್ಲಿ ಯಾರೂ ಮರೆತಿಲ್ಲ. ನನಗೆ ಹಿಡಿಸಿರುವುದು ‘ಮಾಸು’. ಬಣ್ಣ ಮಾಸುತ್ತದೆ, ಗಾಯ ಮಾಸುತ್ತದೆ, ನೆನಪೂ ಮಾಸುತ್ತದೆ; ಗಾಯ ಮಾಸಿದ ಮೇಲೂ ಕಲೆ ಉಳಿಯಬಹುದು, ನೋವಿರುವುದಿಲ್ಲ. ತೊಡಕಿರುವುದು ಪ್ರೇರಣಾರ್ಥಕದಲ್ಲಿ. ‘ಮಾಸಿಸು’ ಕಿವಿಗೆ ಒರಟು, ‘ಮಾಸುವಂತೆ ಮಾಡು’ ಉದ್ದ.

ಇನ್ನೊಂದು: ಸಡಿಲವಾದ ನೆನಪು ಮತ್ತೆ ಗಟ್ಟಿಯಾಗುವುದಕ್ಕೆ ಲೇಖಕರು ‘ಮರುದೃಢೀಕರಣ’ ಎಂದಿದ್ದಾರೆ. ಅದನ್ನು ಓದಿದರೆ ಯಾರೋ ಅಧಿಕಾರಿ ನೆನಪಿಗೆ ಮೊಹರು ಒತ್ತಿದಂತಿದೆ. ‘ಮರುಗಟ್ಟುವಿಕೆ’ ಎನ್ನೋಣವೆಂದರೆ, ಮುದ್ರಣದಲ್ಲಿ ಒಂದು ಕೊಂಬು ತಪ್ಪಿದರೂ ಅದು ‘ಮರಗಟ್ಟುವಿಕೆ’ಯಾಗಿ ಓದುಗರ ಕೈಕಾಲು ಜೋಮು ಹಿಡಿಯುತ್ತದೆ! ಸದ್ಯಕ್ಕೆ ‘ಮರುನೆಲೆಗೊಳ್ಳುವಿಕೆ’ ಎಂದು ಗುರುತು ಹಾಕಿಟ್ಟಿದ್ದೇನೆ.

‘ಮಾಸಿಸು’ ರೂಪವನ್ನು ಹಳೆಯ ಬರಹದಲ್ಲಿ ಅಥವಾ ಆಡುಮಾತಿನಲ್ಲಿ ಕಂಡವರಿದ್ದರೆ ವಾಕ್ಯದ ಸಮೇತ ತಿಳಿಸಿ.