10 ರ ಘಾತಗಳ ಭಾಗಾಕಾರ: ಕ್ಯಾಲ್ಕುಲೇಟರ್ ಉತ್ತರ ಯಾಕೆ ತಪ್ಪುತ್ತೆ?

ಪ್ರಶ್ನೆ:
ಸೂರ್ಯನ ಬೆಳಕು ಭೂಮಿಗೆ ಬರೋ ಸಮಯ ಬೇಕು. ದೂರ 1.496×10¹¹ ಮೀ., ವೇಗ 3×10⁸ ಮೀ./ಸೆ. ಕ್ಯಾಲ್ಕುಲೇಟರ್‌ನಲ್ಲಿ 1.496×10^11÷3×10^8 ಅಂತ ಒತ್ತಿದರೆ 4.987×10¹⁸ ಸೆಕೆಂಡು ಅಂತಿದೆ. ಎಲ್ಲಿ ತಪ್ಪು?

ಉತ್ತರ 1:
ಯಂತ್ರ ಎಡದಿಂದ ಬಲಕ್ಕೆ ಹೋಗುತ್ತೆ. ನಿಮ್ಮ ಸಂಖ್ಯೆಯನ್ನ ಬರೀ 3 ರಿಂದ ಭಾಗಿಸಿ, ಆಮೇಲೆ 10⁸ ರಿಂದ ಗುಣಿಸಿದೆ. ಛೇದವನ್ನ ಆವರಣದಲ್ಲಿ ಹಾಕಿ: ÷(3×10^8). ಇಲ್ಲಾಂದ್ರೆ ಎಕ್ಸ್‌ಪಿ (EXP, ಅಂದ್ರೆ ‘×10 ರ ಘಾತ’) ಬಟನ್ ಬಳಸಿ: 3, ಎಕ್ಸ್‌ಪಿ, 8. ಅದರಲ್ಲಿ 10 ಆಗಲೇ ಸೇರಿದೆ. ‘3×10 ಎಕ್ಸ್‌ಪಿ 8’ ಅಂದ್ರೆ 3×10⁹ ಆಗಿಬಿಡುತ್ತೆ.

ಉತ್ತರ 2:
ಮೊದಲು ಕೈಯಲ್ಲೇ ಮಾಡಿ ನೋಡಿ, ಇಂಥ ತಪ್ಪು ತಕ್ಷಣ ಕಣ್ಣಿಗೆ ಬೀಳುತ್ತೆ. 1.496÷3 = 0.4987. ಘಾತಾಂಕ 11−8 = 3. ಸಿಕ್ಕಿದ್ದು 0.4987×10³. ಬಿಂದು ಒಂದು ಸ್ಥಾನ ಬಲಕ್ಕೆ ಸರಿದರೆ ಘಾತಾಂಕ ಒಂದು ಇಳಿಯಬೇಕು: 4.987×10². ಸುಮಾರು 499 ಸೆಕೆಂಡು, ಅಂದ್ರೆ 8 ನಿಮಿಷ 19 ಸೆಕೆಂಡು. ಬಹಳ ಜನ ಇಲ್ಲಿ ಘಾತಾಂಕ ಏರಿಸಿಬಿಡ್ತಾರೆ.

ಪ್ರಶ್ನೆ ಕೇಳಿದವರು:
ಸರಿಹೋಯ್ತು, ಧನ್ಯವಾದ. ಕೂಡೋವಾಗಲೂ ಘಾತಾಂಕ ಕೂಡಬೇಕಾ?

ಉತ್ತರ 2:
ಖಂಡಿತ ಬೇಡ, ಅದು ಗುಣಾಕಾರಕ್ಕೆ ಮಾತ್ರ. ಕೂಡೋಕೆ ಮೊದಲು ಎರಡರ ಘಾತಾಂಕವನ್ನೂ ಒಂದೇ ಮಾಡಿ. ಉದಾಹರಣೆಗೆ ದ್ರವ್ಯರಾಶಿ ಕೂಡೋಣ: ಪ್ರೋಟಾನ್ 1.6726×10⁻²⁷ ಕೆ.ಜಿ., ಎಲೆಕ್ಟ್ರಾನ್ 9.109×10⁻³¹ ಕೆ.ಜಿ. ಎರಡನೆಯದನ್ನ 0.0009109×10⁻²⁷ ಅಂತ ಬರೆದು ಕೂಡಿದರೆ 1.6735×10⁻²⁷. ಋಣ ಘಾತಾಂಕಕ್ಕೆ ಆವರಣದಲ್ಲಿರೋ (−) ಬಟನ್ ಒತ್ತಿ.