ಪದಚರ್ಚೆ: ‘ಭದ್ರತಾ ಕ್ಯಾಮೆರಾ’ ಬೇರೆ, ‘ಭದ್ರವಾದ ಕ್ಯಾಮೆರಾ’ ಬೇರೆ. ಹೇಗೆ ಬರೆಯೋಣ?

ಗೆಳೆಯರೇ, ನಮಸ್ಕಾರ.

ಹಲವು ಶಾಖೆಗಳಿರುವ ಒಂದು ಸಂಸ್ಥೆಗಾಗಿ, ಕ್ಯಾಮೆರಾ ಆರಿಸುವುದು ಹೇಗೆ ಅನ್ನುವ ಸೂಚನೆಯನ್ನು ಕನ್ನಡದಲ್ಲಿ ಬರೆಯುತ್ತಿದ್ದೇನೆ. ಅದನ್ನು ಓದಿ ಕ್ಯಾಮೆರಾ ಕೊಳ್ಳುವವರು ಶಾಖೆಯ ಮ್ಯಾನೇಜರುಗಳು, ತಂತ್ರಜ್ಞರಲ್ಲ. ಪದ ತಪ್ಪಿದರೆ ಕೊಳ್ಳುವ ವಸ್ತುವೂ ತಪ್ಪುತ್ತದೆ. ಅದಕ್ಕೇ ನಿಮ್ಮನ್ನು ಕೇಳುತ್ತಿದ್ದೇನೆ.

ನನಗೆ ಜಾಸ್ತಿ ತೊಡಕಾಗಿರುವುದು ಹೆಸರೇ. ‘ಭದ್ರತಾ ಕ್ಯಾಮೆರಾ’ ಅಂದರೆ ಕಚೇರಿಯನ್ನು ಕಾಯುವ ಕ್ಯಾಮೆರಾ. ನಾನು ಹೇಳಬೇಕಿರುವುದು ಆ ಕ್ಯಾಮೆರಾವನ್ನು ಯಾರು ಕಾಯುತ್ತಾರೆ ಅನ್ನುವ ವಿಷಯ. ಹೊರಗಿನವರು ಅದರೊಳಗೆ ನುಗ್ಗಬಾರದು, ವಿಡಿಯೊ ಕದಿಯಬಾರದು, ಅದರ ಮೂಲಕ ಕಚೇರಿಯ ಬೇರೆ ಕಂಪ್ಯೂಟರಿಗೆ ದಾಟಬಾರದು. ‘ಸುರಕ್ಷಿತ ಭದ್ರತಾ ಕ್ಯಾಮೆರಾ’ ಅಂದರೆ ಒಂದೇ ಮಾತನ್ನು ಎರಡು ಸಲ ಹೇಳಿದ ಹಾಗೆ ಕೇಳುತ್ತದೆ. ಬರೀ ‘ಸುರಕ್ಷಿತ ಕ್ಯಾಮೆರಾ’ ಅಂದರೆ ಶಾಕ್ ಹೊಡೆಯದ ಕ್ಯಾಮೆರಾ ಅನ್ನಿಸಬಹುದು. ‘ಸುರಕ್ಷತೆ’ ಅಂದ ಕೂಡಲೇ ನಮಗೆ ನೆನಪಾಗುವುದು ಹೆಲ್ಮೆಟ್, ಬೆಂಕಿ ಅವಘಡ ಇಂಥವೇ ಅಲ್ವಾ?

ನನಗೆ ಹೊಳೆದಿರುವುದು ಇದು: ಮಾಡುವ ಕೆಲಸಕ್ಕೆ ‘ಕಾವಲು’, ಇರಬೇಕಾದ ಗುಣಕ್ಕೆ ‘ಭದ್ರ’. ಅಂದರೆ ‘ಭದ್ರವಾದ ಕಾವಲು ಕ್ಯಾಮೆರಾ’. ಪತ್ರಿಕೆಗಳು ಬಳಸುವ ‘ಕಣ್ಗಾವಲು’ ಬೇಡ ಅನ್ನಿಸಿತು. ಒಬ್ಬರನ್ನು ಕಣ್ಗಾವಲಿನಲ್ಲಿ ಇಟ್ಟಿದ್ದಾರೆ ಅಂದರೆ ಅವರ ಮೇಲೆ ಅನುಮಾನ ಇದೆ ಅಂತಲೇ ಅರ್ಥ. ದಿನವೂ ಕೆಲಸಕ್ಕೆ ಬರುವ ಜನರ ಮುಂದೆ ಆ ಪದ ಇಡಲು ಮನಸ್ಸಿಲ್ಲ.

‘ಸಿಸಿಟಿವಿ’ (ಕ್ಲೋಸ್ಡ್ ಸರ್ಕ್ಯೂಟ್ ಟಿವಿ) ಅನ್ನುವುದನ್ನೂ ಯೋಚಿಸಬೇಕಿದೆ. ಹೊರಗಿನವರಿಗೆ ಸಿಗದ ಹಾಗೆ ಮುಚ್ಚಿದ ಸುತ್ತಿನೊಳಗೇ ಚಿತ್ರ ಓಡಾಡುತ್ತದೆ ಅಂತ ಆ ಹೆಸರು ಬಂತು. ಕ್ಯಾಮೆರಾದಿಂದ ನೇರ ರೆಕಾರ್ಡರಿಗೆ ವೈರು. 1996ರಲ್ಲಿ ಆಕ್ಸಿಸ್ ಕಂಪನಿ ಮೊದಲ ನೆಟ್‌ವರ್ಕ್ ಕ್ಯಾಮೆರಾ ತಂದಿತು. ಅಲ್ಲಿಂದಾಚೆ ಕ್ಯಾಮೆರಾವೇ ಒಂದು ಪುಟ್ಟ ಕಂಪ್ಯೂಟರ್, ಅದಕ್ಕೇ ಒಂದು ಐಪಿ ವಿಳಾಸ, ಅಂದರೆ ನೆಟ್‌ವರ್ಕಿನಲ್ಲಿ ಅದನ್ನು ಗುರುತಿಸುವ ಸಂಖ್ಯೆ. ಸುತ್ತು ತೆರೆದುಕೊಂಡಿದೆ, ಹೆಸರು ಮಾತ್ರ ಹಾಗೇ ಉಳಿದಿದೆ. ಮಾತಿನಲ್ಲಿ ಸಿಸಿಟಿವಿ ಇರಲಿ. ಬರಹದಲ್ಲಿ ‘ನೆಟ್‌ವರ್ಕ್ ಕ್ಯಾಮೆರಾ’ ಅಂದರೆ ಓದುವವರು ಎಚ್ಚರವಾಗಿರುತ್ತಾರೆ. ‘ಜಾಲ ಕ್ಯಾಮೆರಾ’ ಬೇಡ. ಸುದ್ದಿಯಲ್ಲಿ ‘ಜಾಲ’ ಅಂದರೆ ವಂಚಕರ ಗುಂಪು ಅಂತಲೇ ಆಗಿಬಿಟ್ಟಿದೆ.

ಇನ್ನು ಡಿಫಾಲ್ಟ್ ಪಾಸ್‌ವರ್ಡ್. ಇದಕ್ಕೆ ‘ಪೂರ್ವನಿಯೋಜಿತ’ ಅಂತ ಕೆಲವು ಸಾಫ್ಟ್‌ವೇರ್ ಅನುವಾದಗಳಲ್ಲಿದೆ. ನನ್ನ ಕಿವಿಗೆ ಅದು ಸಂಚು ಮಾಡಿ ನಡೆಸಿದ ಅಪರಾಧದ ಪದ. ‘ಕಂಪನಿ ಹಾಕಿಕೊಟ್ಟ ಪಾಸ್‌ವರ್ಡ್’ ಅಂತ ಬಿಡಿಸಿ ಬರೆದರೆ, ಅದು ನಮ್ಮದಲ್ಲ, ಬದಲಾಯಿಸಬೇಕು ಅನ್ನುವುದು ತಾನೇ ಗೊತ್ತಾಗುತ್ತದೆ. ಇದು ಸಣ್ಣ ವಿಷಯವಲ್ಲ. 2016ರಲ್ಲಿ ಮಿರಾಯ್ ಅನ್ನುವ ಕುತಂತ್ರಾಂಶ ಇಂಥ ಸುಮಾರು 60 ಹೆಸರು-ಪಾಸ್‌ವರ್ಡ್ ಜೋಡಿಗಳನ್ನಷ್ಟೇ ಇಟ್ಟುಕೊಂಡು ಲಕ್ಷಗಟ್ಟಲೆ ಕ್ಯಾಮೆರಾ, ರೆಕಾರ್ಡರ್, ರೌಟರ್‌ಗಳನ್ನು ವಶ ಮಾಡಿಕೊಂಡಿತು. ಅದೇ ವರ್ಷ ಅಕ್ಟೋಬರಿನಲ್ಲಿ ಅವುಗಳಿಂದ, ವೆಬ್‌ಸೈಟುಗಳ ವಿಳಾಸ ಹುಡುಕಿಕೊಡುವ ಡೈನ್ ಕಂಪನಿಯ ಮೇಲೆ ದಾಳಿ ನಡೆದು, ದೊಡ್ಡ ದೊಡ್ಡ ವೆಬ್‌ಸೈಟುಗಳು ಗಂಟೆಗಟ್ಟಲೆ ಸಿಗಲಿಲ್ಲ. ಬ್ರಿಟನ್‌ನಲ್ಲಂತೂ ಎಲ್ಲ ಯಂತ್ರಕ್ಕೂ ಒಂದೇ ಪಾಸ್‌ವರ್ಡ್ ಹಾಕಿ ಮಾರುವಂತಿಲ್ಲ ಅನ್ನುವ ಕಾನೂನು 2024ರ ಏಪ್ರಿಲ್‌ನಿಂದ ಜಾರಿಯಲ್ಲಿದೆ.

‘ನವೀಕರಣ’ವೂ ಕಷ್ಟದ ಪದ. ‘ಐದು ವರ್ಷ ನವೀಕರಣ ಸಿಗಬೇಕು’ ಅಂತ ಬರೆದರೆ ವಾರ್ಷಿಕ ನಿರ್ವಹಣೆಯ ಒಪ್ಪಂದ ಅಂತ ಓದಿಕೊಳ್ಳುತ್ತಾರೆ. ನಾನು ಹೇಳುವುದು ಫರ್ಮ್‌ವೇರ್, ಅಂದರೆ ಕ್ಯಾಮೆರಾದೊಳಗೇ ಇದ್ದು ಅದನ್ನು ನಡೆಸುವ ಸಾಫ್ಟ್‌ವೇರ್ ಬಗ್ಗೆ. ಹೊಸ ಹುಳುಕು ಪತ್ತೆಯಾದಾಗ ಕಂಪನಿ ಅದನ್ನು ಸರಿಪಡಿಸಿ ಕೊಡಬೇಕು. ಇದಕ್ಕೆ ‘ತೇಪೆ’ ಅನ್ನಬಹುದೇ? ಅರ್ಥ ಸರಿಯಾಗಿ ಕೂರುತ್ತದೆ. ಆದರೆ ‘ತೇಪೆ ಹಚ್ಚುವುದು’ ಅಂದರೆ ಅರೆಬರೆ ಕೆಲಸ ಅನ್ನುವ ಛಾಯೆಯೂ ಇದೆ. ‘ಅಪ್‌ಡೇಟ್’ ಅಂತಲೇ ಬಿಡುವುದು ಮೇಲೇನೋ.

ಓಎನ್‌ವಿಐಎಫ್ ಅನ್ನುವ ಗುರುತಿನ ಬಗ್ಗೆಯೂ ಒಂದು ಮಾತು. ಒಂದು ಕಂಪನಿಯ ಕ್ಯಾಮೆರಾ ಇನ್ನೊಂದರ ರೆಕಾರ್ಡರ್ ಜೊತೆ ಕೆಲಸ ಮಾಡಲಿ ಅಂತ ಆಕ್ಸಿಸ್, ಬಾಷ್, ಸೋನಿ ಸೇರಿ 2008ರಲ್ಲಿ ಶುರು ಮಾಡಿದ್ದು. ಇದನ್ನು ‘ಪ್ರಮಾಣೀಕೃತ’ ಅಂತ ಬರೆದರೆ, ಯಾರೋ ಪರೀಕ್ಷೆ ಮಾಡಿ ಭದ್ರವಾಗಿದೆ ಅಂದಿದ್ದಾರೆ ಅಂತ ಓದುವವರು ನೆಮ್ಮದಿಯಾಗಿಬಿಡುತ್ತಾರೆ. ‘ಹೊಂದಿಕೆಯಾಗುತ್ತದೆ’ ಅಂದರೆ ಸಾಕು.

ಹಲವು ಶಾಖೆಗಳಿದ್ದಾಗ ಎಲ್ಲಕ್ಕಿಂತ ಮುಖ್ಯ ಯಾರಿಗೆ ಎಷ್ಟು ಕಾಣಬೇಕು ಅನ್ನುವುದು. 2021ರ ಮಾರ್ಚ್‌ನಲ್ಲಿ ಕ್ಯಾಮೆರಾ ಮಾರುವ ವರ್ಕಾಡಾ ಕಂಪನಿಯ ಒಂದು ಸೂಪರ್ ಅಡ್ಮಿನ್ ಖಾತೆ, ಅಂದರೆ ಎಲ್ಲ ಗ್ರಾಹಕರ ಕ್ಯಾಮೆರಾಗಳನ್ನೂ ತೆರೆಯುವ ಖಾತೆ, ಹೊರಗಿನವರ ಕೈಗೆ ಸಿಕ್ಕಿತು. ಸುಮಾರು 1,50,000 ಕ್ಯಾಮೆರಾಗಳು ತಮಗೆ ತೆರೆದುಕೊಂಡವು ಅಂತ ಒಳನುಗ್ಗಿದವರು ಹೇಳಿಕೊಂಡರು. ಆಸ್ಪತ್ರೆ, ಶಾಲೆ, ಜೈಲುಗಳ ಒಳಗಿನ ಚಿತ್ರಗಳೂ ಅವರಿಗೆ ಸಿಕ್ಕಿದ್ದವು. ಹಾಗಾಗಿ ಒಂದು ಶಾಖೆಯವರಿಗೆ ಆ ಶಾಖೆಯದಷ್ಟೇ ಕಾಣಬೇಕು, ಎಲ್ಲವನ್ನೂ ತೆರೆಯುವ ಒಂದೇ ಖಾತೆಯನ್ನು ಹತ್ತು ಜನ ಬಳಸಬಾರದು ಅಂತ ಬರೆಯಬೇಕಿದೆ. ‘ಪ್ರವೇಶಾಧಿಕಾರ’ ಅಂದರೆ ಕಟ್ಟಡದ ಬಾಗಿಲು ನೆನಪಾಗುತ್ತದೆ. ‘ನೋಡುವ ಹಕ್ಕು’, ‘ಬದಲಾಯಿಸುವ ಹಕ್ಕು’, ‘ಅಳಿಸುವ ಹಕ್ಕು’ ಅಂತ ಮೂರಾಗಿ ಬಿಡಿಸಿದ್ದೇನೆ. ಮೂರೂ ಒಬ್ಬರಿಗೇ ಯಾಕೆ ಅನ್ನುವ ಪ್ರಶ್ನೆ ಓದುವವರಲ್ಲೇ ಏಳಲಿ ಅಂತ.

‘ಎನ್‌ಕ್ರಿಪ್ಶನ್’ (ಕೀಲಿ ಇಲ್ಲದವರಿಗೆ ಅರ್ಥವಾಗದ ಹಾಗೆ ಮಾಹಿತಿಯನ್ನು ಬದಲಿಸಿಡುವುದು) ಅನ್ನುವ ಪದವನ್ನು ಅನುವಾದಿಸದೆ ಹಾಗೇ ಬಿಡುತ್ತೇನೆ. ‘ಗೂಢಲಿಪೀಕರಣ’ ಕಂಡರೆ ಓದುವವರು ಆ ಸಾಲನ್ನೇ ದಾಟಿ ಹೋಗುತ್ತಾರೆ.

ಈಗ ನನ್ನ ಪ್ರಶ್ನೆಗಳು. ‘ಭದ್ರವಾದ’ ಅಂದಾಗ ನಿಮಗೆ ಗಟ್ಟಿಮುಟ್ಟು, ಬಿದ್ದರೂ ಒಡೆಯದ್ದು ಅನ್ನಿಸುತ್ತದೆಯೇ? ಅನ್ನಿಸಿದರೆ ಬೇರೆ ಪದ ಯಾವುದು? ಹೊರಗಿನವರು ನುಗ್ಗಲು ದಾರಿ ಕೊಡುವ ಸಾಫ್ಟ್‌ವೇರ್ ತಪ್ಪಿಗೆ ‘ಹುಳುಕು’ ಸಾಕೇ, ‘ಕಂಡಿ’ ವಾಸಿಯೇ? ಕ್ಯಾಮೆರಾ ಹಾಕುವವರ ಜೊತೆ ಕೆಲಸ ಮಾಡಿರುವವರು ಅವರ ಬಾಯಲ್ಲಿರುವ ಪದಗಳನ್ನೂ ದಯವಿಟ್ಟು ತಿಳಿಸಿ.