ಲ್ಯಾಪ್‌ಟಾಪ್ 0.39 ಗಿಗಾಹರ್ಟ್ಸ್‌ನಲ್ಲೇ ನಿಂತಿದೆ, ಫಾರ್ಮ್ಯಾಟ್ ಮಾಡಿದರೂ ಅದೇ ಕಥೆ

ದುರ್ಗದ_ಹುಡುಗ
ತಲೆ ಕೆಟ್ಟುಹೋಗಿದೆ. ಟಾಸ್ಕ್ ಮ್ಯಾನೇಜರ್ ತೆಗೆದರೆ ಸಿಪಿಯು ಸ್ಪೀಡ್ 0.39 ಗಿಗಾಹರ್ಟ್ಸ್, ಅದರ ಮೇಲೆ ಏಳೋದೇ ಇಲ್ಲ. ಎಕ್ಸೆಲ್‌ನಲ್ಲಿ ಒಂದು ಸಾಲು ಟೈಪ್ ಮಾಡಿ ಮುಗಿಸಿದ ಮೇಲೆ ಅಕ್ಷರಗಳು ಒಂದೊಂದಾಗಿ ಬರ್ತಾವೆ. ವಿಂಡೋಸ್ ಹೊಸದಾಗಿ ಹಾಕಿದೆ, ಎಸ್‌ಎಸ್‌ಡಿ ಬದಲಾಯಿಸಿದೆ, ರ್‍ಯಾಮ್ 8 ಇದ್ದಿದ್ದು 16 ಮಾಡಿದೆ, ಪವರ್ ಪ್ಲಾನ್ ಹೈ ಪರ್ಫಾರ್ಮೆನ್ಸ್‌ಗೆ ಇಟ್ಟೆ, ಆಂಟಿವೈರಸ್ ಕಿತ್ತು ಹಾಕಿದೆ. ಏನೂ ಬದಲಾಗಿಲ್ಲ. ಬಿಸಿನೆಸ್ ಸೀರೀಸ್ ಗಟ್ಟಿ, ವರ್ಷಗಟ್ಟಲೆ ಅಲ್ಲಾಡಲ್ಲ ಅಂತ ಎಲ್ಲರೂ ಹೇಳಿದ್ದಕ್ಕೇ ಎಸ್‌ಪಿ ರೋಡ್‌ನಲ್ಲಿ ರಿಫರ್ಬಿಶ್ಡ್ ತಗೊಂಡಿದ್ದು. ಮದರ್‌ಬೋರ್ಡ್ ಹೋಗಿದೆಯಾ? ಹೋಗಿದ್ರೆ ದುಡ್ಡು ಹಾಕೋದಾ, ಬಿಡೋದಾ? ಬೇಗ ಹೇಳಿ.

ತಂಪು_ಕೋರ್
ಥರ್ಮಲ್ ಪೇಸ್ಟ್, ಅಂದ್ರೆ ಸಿಪಿಯು ಬಿಸಿಯನ್ನ ಹೀಟ್‌ಸಿಂಕ್‌ಗೆ ದಾಟಿಸೋ ಲೇಪ, ಒಣಗಿದೆ ಗುರು, ಬೇರೇನಲ್ಲ. ಕಂಪನಿಗಳು ಲೀಸ್ ಮುಗಿಸಿ ಬಿಟ್ಟ ಮಷೀನ್‌ಗಳಲ್ಲಿ ಪೇಸ್ಟ್ ಸುಣ್ಣದ ಪುಡಿ ಆಗಿರುತ್ತೆ. ತಳದ ಮುಚ್ಚಳ ಬಿಚ್ಚು, ಮೊದಲು ಬ್ಯಾಟರಿ ಕನೆಕ್ಟರ್ ತೆಗಿ. ಹೀಟ್‌ಸಿಂಕ್ ಮೇಲೆ ಅಚ್ಚೊತ್ತಿದ ಅಂಕಿ ಇರುತ್ತೆ, ಹಾಕುವಾಗ ಅದರ ಕ್ರಮದಲ್ಲೇ ಸ್ಕ್ರೂ ಬಿಗಿಸು. ಹಳೇ ಪೇಸ್ಟನ್ನು 99% ಐಸೋಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ಒರೆಸು, ನೇಲ್ ಪಾಲಿಷ್ ರಿಮೂವರ್ ಬೇಡ. ಲ್ಯಾಪ್‌ಟಾಪ್ ಸಿಪಿಯು ಮೇಲೆ ಲೋಹದ ಟೋಪಿ ಇರಲ್ಲ, ಡೈ (ಸಿಲಿಕಾನ್ ಚಿಪ್) ಬರಿಮೈ. ಹಾಗಾಗಿ ಮಧ್ಯೆ ಚುಕ್ಕಿ ಇಟ್ಟು ಬಿಡೋದಲ್ಲ, ಇಡೀ ಡೈ ಮೇಲೆ ತೆಳ್ಳಗೆ ಸವರಬೇಕು. ಫ್ಯಾನ್‌ನ ಧೂಳು ಊದುವಾಗ ರೆಕ್ಕೆ ತಿರುಗದ ಹಾಗೆ ಕಡ್ಡಿಯಿಂದ ಹಿಡಿ.

ಬೆಸುಗೆ_ಮೇಜು
ಪೇಸ್ಟ್ ಆಮೇಲೆ. ಯಾವ ಮಾಡೆಲ್, ಯಾವ ಪ್ರೊಸೆಸರ್, ಸ್ಪೀಡ್ 0.39 ಇರುವಾಗ ಕೋರ್ ಎಷ್ಟು ಬಿಸಿ, ಚಾರ್ಜರ್ ತೆಗೆದು ಬರೀ ಬ್ಯಾಟರಿಯಲ್ಲಿ ಓಡಿಸಿದರೆ ಸ್ಪೀಡ್ ಎಷ್ಟು, ಚಾರ್ಜರ್ ಯಾವುದು? ಈ ಐದು ಹೇಳದೆ ಯಾರು ಏನು ಹೇಳಿದರೂ ಊಹೆಯೇ.

ದುರ್ಗದ_ಹುಡುಗ
ಡೆಲ್ ಲ್ಯಾಟಿಟ್ಯೂಡ್ 7490, ಪ್ರೊಸೆಸರ್ ಐ5-8350ಯು. ಕೋರ್ 46 ಡಿಗ್ರಿ ಇದೆ, ಫ್ಯಾನ್ ತಿರುಗೋದೂ ಅಪರೂಪ. ಬ್ಯಾಟರಿ ಬಗ್ಗೆ ಕೇಳಬೇಡಿ, ‘ಪ್ಲಗ್ಡ್ ಇನ್, ನಾಟ್ ಚಾರ್ಜಿಂಗ್’ ಅಂತ ತೋರಿಸುತ್ತೆ, 9%ಗೆ ಇಳಿದಿದೆ. ಅದು ಬೇರೆ ತಲೆನೋವು, ಹೊಸ ಬ್ಯಾಟರಿ ಆರ್ಡರ್ ಮಾಡ್ತೀನಿ. ಚಾರ್ಜರ್ ಸರಿಯಾಗೇ ಇದೆ, ಲೈಟ್ ಉರಿಯುತ್ತೆ.

ತಂಪು_ಕೋರ್
46 ಅನ್ನೋದು ಕೋರ್‌ದು. ವಿಆರ್‌ಎಂ, ಅಂದ್ರೆ ಸಿಪಿಯುಗೆ ವೋಲ್ಟೇಜ್ ಹೊಂದಿಸಿ ಕೊಡೋ ಭಾಗ, ಅದರ ಬಿಸಿ ಬೇರೆ ಲೆಕ್ಕ, ಅದನ್ನ ಸಾಮಾನ್ಯ ಸಾಫ್ಟ್‌ವೇರ್ ತೋರಿಸಲ್ಲ. ವಿಆರ್‌ಎಂ ಕಾದರೂ ಬೋರ್ಡ್ ಸಿಪಿಯು ಕತ್ತು ಹಿಸುಕುತ್ತೆ. ಥರ್ಮಲ್ ಪ್ಯಾಡ್ ಹಾಕು, ಪೇಸ್ಟನ್ನೂ ಬದಲಾಯಿಸು.

ಬೆಸುಗೆ_ಮೇಜು
ಆನ್ ಮಾಡಿದ ಮೊದಲ ನಿಮಿಷದಲ್ಲೇ 0.39 ಇದ್ದರೆ ವಿಆರ್‌ಎಂ ಕಾಯಲು ಸಮಯ ಎಲ್ಲಿ? ಆ ಪ್ರೊಸೆಸರ್‌ಗೆ 100 ಡಿಗ್ರಿಯವರೆಗೆ ಮಿತಿ ಇದೆ, ಬೇಸ್ ಸ್ಪೀಡ್ 1.7. ಬಿಸಿಯಿಂದ ನಿಧಾನ ಆಗುವ ಮಷೀನಿನ ಸ್ಪೀಡ್ ಏರುತ್ತೆ, ಇಳಿಯುತ್ತೆ, ಫ್ಯಾನ್ ಕಿರುಚುತ್ತೆ. ಒಂದೇ ಅಂಕಿಗೆ ಅಂಟಿಕೊಂಡು ತಣ್ಣಗೆ ಕೂರಲ್ಲ. ಜೊತೆಗೆ ಚಾರ್ಜೂ ಆಗ್ತಿಲ್ಲ ಅಂದ್ರೆ ಎರಡೂ ಒಂದೇ ಕಾಯಿಲೆ.

ದುರ್ಗದ ಹುಡುಗ ಅವರೇ, ಬ್ಯಾಟರಿ ಆರ್ಡರ್ ನಿಲ್ಲಿಸಿ. ಚಾರ್ಜರ್ ಇಟ್ಟಿಗೆ ಮೇಲಿನ ಲೈಟ್ ಲೆಕ್ಕಕ್ಕೆ ಬರಲ್ಲ. ಲ್ಯಾಪ್‌ಟಾಪ್ ಮೇಲಿನ ಬ್ಯಾಟರಿ ಲೈಟ್ ನೋಡಿ, ಬಣ್ಣ ಏನು, ಮಿಟುಕುತ್ತಾ ಹೇಳಿ.

ಧಾರವಾಡ_ಥಿಂಕ್
ಅದಕ್ಕ ನಾ ಹೇಳೂದು, ಲೆನೊವೊ ಥಿಂಕ್‌ಪ್ಯಾಡ್ ಟಿ480 ತಗೋರಿ ಅಂತ. ಒಳಗ 24 ವ್ಯಾಟ್ ಅವರ್ ಬ್ಯಾಟರಿ, ಹಿಂದ 72ರದ್ದು ಇನ್ನೊಂದು, ಮಷೀನ್ ನಡೆಯುವಾಗನ ಹಿಂದಿಂದು ತಗದು ಬ್ಯಾರೆ ಹಾಕಬಹುದು. ಕೀಬೋರ್ಡ್ ಕೆಟ್ರ ತಳದಾಗಿನ ಎರಡ ಸ್ಕ್ರೂ ಬಿಚ್ಚಿ ಜಾರಿಸಿದ್ರ ಮುಗೀತು. ನಿಮ್ಮ ಲ್ಯಾಟಿಟ್ಯೂಡ್‌ದಾಗ ಕೀಬೋರ್ಡ್‌ಗೆ ಒಳಗಿಂದೆಲ್ಲಾ ಬಿಚ್ಚಬೇಕಾಗ್ತದ. ಡಿಸೈನ್ ಅಂದ್ರ ರಿಪೇರಿಗೂ ಕೈ ಹೋಗಬೇಕ್ರಿ.

ಉಡುಪಿ_ಡಾಕ್
ಮಾರಾಯ್ರೆ, ಟಿ480 ಚಾರ್ಜಿಂಗ್ ಬರೀ ಟೈಪ್-ಸಿ. ಆ ಪೋರ್ಟ್ ಮದರ್‌ಬೋರ್ಡ್‌ಗೆ ಬೆಸುಗೆ ಹಾಕಿದ್ದು, ಸಡಿಲ ಆದರೆ ಬೋರ್ಡ್ ಕೆಲಸವೇ ಗತಿ. ಮೇಲಿಂದ ಥಂಡರ್‌ಬೋಲ್ಟ್ (ವೇಗದ ಟೈಪ್-ಸಿ ಪೋರ್ಟ್) ಫರ್ಮ್‌ವೇರ್ ತೊಂದರೆ ಉಂಟು, ಅದಕ್ಕೆ ಲೆನೊವೊದವರೇ ತುರ್ತು ಅಪ್‌ಡೇಟ್ ಬಿಟ್ಟದ್ದು. ಸೆಕೆಂಡ್ ಹ್ಯಾಂಡ್ ಟಿ480 ತೆಗೆದುಕೊಂಡವರು ಮೊದಲು ಅದನ್ನು ಹಾಕಬೇಕು. ಲ್ಯಾಟಿಟ್ಯೂಡ್ 7490ರಲ್ಲಿ ದುಂಡು ಪಿನ್ ಜ್ಯಾಕ್ ಬೇರೆಯೇ ತುಂಡು, ವೈರ್ ಸಮೇತ ಬದಲಾಯಿಸಲಿಕ್ಕೆ ಆಗ್ತದೆ. ಅದರ ಮೇಲೆ ಟೈಪ್-ಸಿಯಲ್ಲೂ ಚಾರ್ಜ್ ಆಗ್ತದೆ. ಎರಡು ದಾರಿ ಉಂಟಲ್ಲ.

ಧಾರವಾಡ_ಥಿಂಕ್
ಎರಡ ದಾರಿ ಐತಿ, ಬ್ಯಾಟರಿ ಮಾತ್ರ ಒಂದ. ಉಬ್ಬಿ ಟಚ್‌ಪ್ಯಾಡ್ ಮ್ಯಾಲೆ ಎತ್ತಿದ್ರ ಏನ್ ಮಾಡ್ತೀರಿ?

ಉಡುಪಿ_ಡಾಕ್
ಉಬ್ಬುವುದು ಯಾವ ಲಿಥಿಯಂ ಬ್ಯಾಟರಿಯಾದ್ರೂ ಉಬ್ಬೀತು. ಯಾವಾಗಲೂ ಚಾರ್ಜರ್‌ಗೆ ಸಿಕ್ಕಿಸಿಯೇ ಇಡುವವರು ಬಯಾಸ್‌ನಲ್ಲಿ (ವಿಂಡೋಸ್ ಶುರುವಾಗುವ ಮೊದಲೇ ತೆರೆಯುವ ಸೆಟ್ಟಿಂಗ್ಸ್) ಪವರ್ ಮ್ಯಾನೇಜ್‌ಮೆಂಟ್ ಒಳಗೆ ಪ್ರೈಮರಿ ಬ್ಯಾಟರಿ ಚಾರ್ಜ್ ಕಾನ್ಫಿಗರೇಷನ್ ತೆಗೆದು ಕಸ್ಟಮ್‌ನಲ್ಲಿ ಆರಂಭ 50, ನಿಲ್ಲುವುದು 80 ಅಂತ ಇಡಿ. ಟಚ್‌ಪ್ಯಾಡ್ ಕ್ಲಿಕ್ ಗಟ್ಟಿ ಆಗಲಿಕ್ಕೆ ಶುರುವಾದ ದಿನವೇ ಬ್ಯಾಟರಿ ತೆಗೆಯಬೇಕು. ಉಬ್ಬಿದ್ದನ್ನು ಒತ್ತಿ ಮುಚ್ಚಳ ಕೂರಿಸುವುದು, ಚುಚ್ಚುವುದು ಯಾವುದೂ ಬೇಡ.

ದುರ್ಗದ_ಹುಡುಗ
ದಯವಿಟ್ಟು ನನ್ನ ವಿಷಯಕ್ಕೆ ಬನ್ನಿ. ಲ್ಯಾಪ್‌ಟಾಪ್ ಲೈಟ್ ಒಂದು ಸಲ ಕೇಸರಿ, ಒಂದು ಸಲ ಬಿಳಿ, ಹೀಗೆ ಬದಲಾಗ್ತಾ ಮಿಟುಕ್ತಿದೆ. ಬಂದಾಗಿಂದ ಹೀಗೇ ಇದೆ, ಅದೇ ಡಿಸೈನ್ ಅಂದುಕೊಂಡಿದ್ದೆ. ಚಾರ್ಜರ್ ಅಂಗಡಿಯವರೇ ಕೊಟ್ಟಿದ್ದು, ಮೇಲೆ ಬ್ರ್ಯಾಂಡ್ ಹೆಸರಿಲ್ಲ, 19.5 ವೋಲ್ಟ್ 3.34 ಆಂಪಿಯರ್ ಅಂತ ಬರೆದಿದೆ, ಅಂದ್ರೆ 65 ವ್ಯಾಟ್ ಸರಿಯಾಗೇ ಇದೆಯಲ್ಲ?

ಬೆಸುಗೆ_ಮೇಜು
ಸಿಕ್ಕಿತು. ಕೇಸರಿ-ಬಿಳಿ ಅದಲುಬದಲಾಗಿ ಮಿಟುಕಿದರೆ ಲ್ಯಾಪ್‌ಟಾಪ್ ಚಾರ್ಜರನ್ನು ಗುರುತಿಸಿಲ್ಲ ಎಂದರ್ಥ.

ಪ್ಲಗ್ ತುದಿಯನ್ನು ಬೆಳಕಿಗೆ ಹಿಡಿದು ನೋಡಿ. ಹೊರಗಿನ ಬಳೆ ಗ್ರೌಂಡ್, ಒಳಗಿನ ಬಳೆ 19.5 ವೋಲ್ಟ್, ನಟ್ಟನಡುವೆ ಸೂಜಿಯಂಥ ತೆಳು ಪಿನ್ ಇರುತ್ತೆ. ಆ ಪಿನ್‌ನಲ್ಲಿ ಕರೆಂಟ್ ಹರಿಯಲ್ಲ, ಮಾಹಿತಿ ಮಾತ್ರ. ಅಸಲಿ ಚಾರ್ಜರ್ ಒಳಗೆ ಸಣ್ಣ ಮೆಮೊರಿ ಚಿಪ್ ಇರುತ್ತೆ, ಅದರಲ್ಲಿ ಕಂಪನಿ ಹೆಸರು, ಎಷ್ಟು ವ್ಯಾಟ್, ಎಷ್ಟು ವೋಲ್ಟ್, ಎಷ್ಟು ಆಂಪಿಯರ್ ಅಂತ ಬರೆದಿಟ್ಟಿರುತ್ತಾರೆ. ಲ್ಯಾಪ್‌ಟಾಪ್ ಒಂದೇ ವೈರ್ ಮೇಲೆ ಅದನ್ನು ಓದುತ್ತೆ. ಓದಲು ಆಗದಿದ್ದರೆ ಈ ಚಾರ್ಜರ್ ಎಷ್ಟು ಹೊರೆ ತಡೆಯುತ್ತೋ ಗೊತ್ತಿಲ್ಲ ಅಂತ ಬ್ಯಾಟರಿ ಚಾರ್ಜ್ ನಿಲ್ಲಿಸುತ್ತೆ, ಸಿಪಿಯುವನ್ನು ಕಟ್ಟಿ ಹಾಕುತ್ತೆ. ನಿಮ್ಮ 0.39 ಅದೇ. ಇಟ್ಟಿಗೆ ಮೇಲೆ 3.34 ಎಂದು ಬರೆದರೆ ಸಾಲದು, ಚಿಪ್ ಹೇಳಬೇಕು. ನಕಲಿಗಳಲ್ಲಿ ಚಿಪ್ ಇರಲ್ಲ, ಅಥವಾ ಪ್ಲಗ್ ಬುಡದಲ್ಲಿ ಕೇಬಲ್ ಮಡಚುವ ಕಡೆ ಆ ಮೂರನೇ ತೆಳು ವೈರ್ ಎಲ್ಲಕ್ಕಿಂತ ಮೊದಲು ಮುರಿಯುತ್ತೆ. ಅಸಲಿಯಲ್ಲೂ ಹೀಗೆ ಆಗುತ್ತೆ.

ಈಗ ಎಫ್2 ಒತ್ತಿ ಬಯಾಸ್‌ಗೆ ಹೋಗಿ. ಜನರಲ್ ಕೆಳಗೆ ಬ್ಯಾಟರಿ ಇನ್ಫರ್ಮೇಷನ್. ಅಲ್ಲಿ ಅಡಾಪ್ಟರ್ ಸಾಲಿನಲ್ಲಿ 65 ವ್ಯಾಟ್ ಅಂತ ಬರಬೇಕು. ಹಾಗೇ ಪೋಸ್ಟ್ ಬಿಹೇವಿಯರ್ ಕೆಳಗೆ ಅಡಾಪ್ಟರ್ ವಾರ್ನಿಂಗ್ಸ್ ಟಿಕ್ ಇದೆಯಾ ನೋಡಿ.

ದುರ್ಗದ_ಹುಡುಗ
ವ್ಯಾಟ್ ಅಂಕಿ ಇಲ್ಲ, ಅನ್‌ನೋನ್ ಅಂತಿದೆ. ಅಡಾಪ್ಟರ್ ವಾರ್ನಿಂಗ್ಸ್ ಟಿಕ್ ತೆಗೆದಿದ್ದಾರೆ! ಟಿಕ್ ಹಾಕಿ ರೀಸ್ಟಾರ್ಟ್ ಮಾಡಿದರೆ ಈಗ ಚಾರ್ಜರ್ ಗುರುತು ಸಿಗ್ತಿಲ್ಲ ಅಂತ ಮೆಸೇಜ್ ಬರ್ತಿದೆ. ಮೊದಲು ಇದೇ ಬಂದಿದ್ರೆ ನಾನು ಎಸ್‌ಎಸ್‌ಡಿಗೆ ದುಡ್ಡು ಸುರಿಯುತ್ತಲೇ ಇರಲಿಲ್ಲ.

ಬೆಸುಗೆ_ಮೇಜು
ಅಂಗಡಿಯವರು ಅದನ್ನು ಆಫ್ ಮಾಡಿ ಮಾರಿದ್ದು ಶುದ್ಧ ತಪ್ಪು. ರಿಫರ್ಬಿಶ್ಡ್ ಕೊಳ್ಳುವ ಪ್ರತಿಯೊಬ್ಬರೂ ಕೌಂಟರ್ ಮುಂದೆಯೇ ಆ ಟಿಕ್ ನೋಡಬೇಕು.

ತಂಪು_ಕೋರ್
ಹಾಗಿದ್ರೆ ಚಾರ್ಜರ್ ಖರ್ಚೂ ಬೇಡ. ಥ್ರಾಟಲ್‌ಸ್ಟಾಪ್ ಅನ್ನೋ ಸಾಫ್ಟ್‌ವೇರ್ ಹಾಕು, ಬಿಡಿ ಪ್ರಾಕ್‌ಹಾಟ್ (BD PROCHOT) ಅನ್ನೋ ಟಿಕ್ ತೆಗಿ, ಟರ್ನ್ ಆನ್ ಒತ್ತು. ಒಂದೇ ಕ್ಷಣದಲ್ಲಿ 3 ದಾಟುತ್ತೆ.

ಬೆಸುಗೆ_ಮೇಜು
ಪರೀಕ್ಷೆಗೆ ಮಾಡಲಿ, ದಿನನಿತ್ಯಕ್ಕೆ ಬೇಡ. ಆ ಟಿಕ್ ತೆಗೆದರೆ ಬೋರ್ಡ್ ಕಡೆಯಿಂದ ಬರುವ ಎಚ್ಚರಿಕೆಯನ್ನು ಸಿಪಿಯು ಕೇಳಿಸಿಕೊಳ್ಳಲ್ಲ. ನೀವೇ ಹೇಳಿದ ವಿಆರ್‌ಎಂ ಕಾದಾಗಲೂ ಕೇಳಿಸಿಕೊಳ್ಳಲ್ಲ. ಸ್ಪೀಡ್ ಬಂದರೂ ಬ್ಯಾಟರಿ ಚಾರ್ಜ್ ಆಗಲ್ಲ. ಮೇಲಾಗಿ ಹೆಸರಿಲ್ಲದ ಇಟ್ಟಿಗೆಯಿಂದ ಪೂರ್ತಿ 65 ವ್ಯಾಟ್ ಎಳೆದರೆ ಅದು ಕಾದು ವೋಲ್ಟೇಜ್ ಕುಸಿದು ಮಷೀನ್ ಆಫ್ ಆಗಬಹುದು, ಇನ್ನೂ ಕೆಟ್ಟದ್ದೂ ಆಗಬಹುದು.

ತಂಪು_ಕೋರ್
ಎಷ್ಟೋ ಜನ ವರ್ಷಗಟ್ಟಲೆ ಹಾಗೇ ಓಡಿಸ್ತಿದ್ದಾರೆ. ಸ್ಟಾರ್ಟಪ್‌ಗೆ ಟಾಸ್ಕ್ ಶೆಡ್ಯೂಲರ್‌ನಲ್ಲಿ ಹಾಕಿದ್ರೆ ರೀಸ್ಟಾರ್ಟ್ ಆದ್ಮೇಲೂ ಉಳಿಯುತ್ತೆ. ಪೇಸ್ಟಂತೂ ಹೇಗಿದ್ರೂ ಬದಲಾಯಿಸಲೇಬೇಕು, ಆ ಮಾತಿಂದ ನಾನು ಹಿಂದೆ ಸರಿಯಲ್ಲ.

ಉಡುಪಿ_ಡಾಕ್
ಅದಕ್ಕಿಂತ ಸುಲಭದ ಪರೀಕ್ಷೆ ಉಂಟು. ಪವರ್ ಡೆಲಿವರಿ ಇರುವ ಟೈಪ್-ಸಿ ಚಾರ್ಜರ್ ಹಾಕಿ ನೋಡಿ. ಅದಕ್ಕೆ ಮಧ್ಯದ ಪಿನ್ ಸಂಬಂಧವೇ ಇಲ್ಲ, ಕೇಬಲ್ ಒಳಗೇ ಮಾತುಕತೆ ಮುಗೀತದೆ. ಫೋನ್‌ನ 25 ವ್ಯಾಟ್ ಚಾರ್ಜರ್ ಸಾಲುವುದಿಲ್ಲ, ಇಟ್ಟಿಗೆ ಮೇಲೆ 20 ವೋಲ್ಟ್ 3.25 ಆಂಪಿಯರ್ ಬರೆದಿರಬೇಕು. ಕೇಬಲ್ ಕೂಡ ನೋಡಿ. ಸಾದಾ ಸಿ-ಟು-ಸಿ ಕೇಬಲ್ 3 ಆಂಪಿಯರ್‌ಗೆ, ಅಂದ್ರೆ 60 ವ್ಯಾಟ್‌ಗೆ ನಿಲ್ತದೆ. 65 ಬೇಕಾದ್ರೆ 5 ಆಂಪಿಯರ್ ಚಿಪ್ ಇರುವ ಕೇಬಲ್ ಬೇಕು. ಪರೀಕ್ಷೆಗೆ 60 ಧಾರಾಳ.

ದುರ್ಗದ_ಹುಡುಗ
ಆಫೀಸಲ್ಲಿ ಒಬ್ಬರ 65 ವ್ಯಾಟ್ ಟೈಪ್-ಸಿ ಹಾಕಿದೆ. ಸ್ಪೀಡ್ 3.4ಕ್ಕೆ ಹಾರಿತು, ಬ್ಯಾಟರಿ ಚಾರ್ಜ್ ಆಗ್ತಿದೆ, ಬಿಳಿ ಲೈಟ್ ಮಿಟುಕದೆ ನಿಂತಿದೆ. ದುಂಡು ಚಾರ್ಜರ್ ಮತ್ತೆ ಹಾಕಿದರೆ ಮತ್ತೆ 0.39. ಹಾಗಾದ್ರೆ ಚಾರ್ಜರ್ ಒಂದೇ ತಗೊಂಡ್ರೆ ಸಾಕಾ?

ಬೆಸುಗೆ_ಮೇಜು
ಬ್ಯಾಟರಿ, ಸಿಪಿಯು ಎರಡೂ ಚೆನ್ನಾಗಿವೆ, ಅದು ಖಚಿತ. ಉಳಿದದ್ದು ಮೂರು: ಚಾರ್ಜರ್, ಜ್ಯಾಕ್, ಬೋರ್ಡ್‌ನಲ್ಲಿ ಪಿನ್ ಓದುವ ಭಾಗ. ಕೊಳ್ಳುವ ಮೊದಲು ಯಾರದ್ದಾದರೂ ಅಸಲಿ ದಪ್ಪ ದುಂಡು ಪಿನ್ ಚಾರ್ಜರ್, 7.4 ಮಿಲಿಮೀಟರಿನದ್ದು, ಎರವಲು ತಂದು ಹಾಕಿ. 90 ಅಥವಾ 130 ವ್ಯಾಟ್‌ನದಾದರೂ ತೊಂದರೆ ಇಲ್ಲ, ಲ್ಯಾಪ್‌ಟಾಪ್ ತನಗೆ ಬೇಕಾದಷ್ಟೇ ಎಳೆಯುತ್ತೆ. 4.5 ಮಿಲಿಮೀಟರಿನ ಸಣ್ಣ ಪಿನ್‌ನದು ಇದಕ್ಕೆ ಕೂರಲ್ಲ. ಬಯಾಸ್‌ನಲ್ಲಿ ವ್ಯಾಟ್ ಅಂಕಿ ಬಂದರೆ ಚಾರ್ಜರ್ ಕೊಳ್ಳಿ, ಬರದಿದ್ದರೆ ಜ್ಯಾಕ್ ನೋಡಬೇಕು.

ಹಾಸನ_ಹಾರ್ಡ್‌ವೇರ್
ಇದೇ ಥ್ರೆಡ್‌ನಲ್ಲಿ ಕೇಳ್ತೀನಿ. ನಂದು ಡೆಲ್ ಲ್ಯಾಟಿಟ್ಯೂಡ್ ಇ7470, ಚಾರ್ಜರ್ ಅಸಲಿ, ಬೇರೆ ಮಷೀನಿನಲ್ಲಿ 65 ವ್ಯಾಟ್ ತೋರಿಸುತ್ತೆ. ಇದರಲ್ಲಿ ಪ್ಲಗ್ ಅಲ್ಲಾಡಿಸಿದರೆ ಒಮ್ಮೊಮ್ಮೆ ಗುರುತು ಹಿಡಿಯುತ್ತೆ.

ಬೆಸುಗೆ_ಮೇಜು
ಅಲ್ಲಾಡಿಸಿದಾಗ ಹಿಡಿಯುತ್ತೆ ಅಂದ್ರೆ ಜ್ಯಾಕ್. ಟಾರ್ಚ್ ಬಿಟ್ಟು ಒಳಗಿನ ನಡು ಭಾಗ ನೋಡಿ, ಕರಕಲು ಅಥವಾ ಸೊಟ್ಟಗಿರುತ್ತೆ. ತಳದ ಮುಚ್ಚಳ ತೆಗೆದು ಬ್ಯಾಟರಿ ಕನೆಕ್ಟರ್ ಬಿಡಿಸಿ, ಪವರ್ ಬಟನ್ 15 ಸೆಕೆಂಡ್ ಒತ್ತಿ ಹಿಡಿದು ಉಳಿದ ಕರೆಂಟ್ ಇಳಿಸಿ. ಆಮೇಲೆ ಜ್ಯಾಕ್‌ನ ಕನೆಕ್ಟರನ್ನು ಬೋರ್ಡ್‌ನಿಂದ ಉಗುರಲ್ಲಿ ಬಿಡಿಸಿ, ವೈರ್ ಹಿಡಿದು ಎಳೆಯಬೇಡಿ. ಹೊಸದನ್ನು ಕೊಳ್ಳುವಾಗ ಹಳೇ ಜ್ಯಾಕ್ ಮೇಲಿನ ಪಾರ್ಟ್ ನಂಬರ್ ಹೊಂದಿಸಿ. ನೋಡಲು ಒಂದೇ ಥರ ಇದ್ದರೂ ವೈರ್ ಉದ್ದ, ಕನೆಕ್ಟರ್ ಬೇರೆ ಇರುತ್ತೆ. ಸೊಟ್ಟ ಪಿನ್ ಇರುವ ಪ್ಲಗ್ಗನ್ನು ಮಾತ್ರ ಒತ್ತಿ ತೂರಿಸಬೇಡಿ. ನಡುವಿನ ಪಿನ್ 19.5 ವೋಲ್ಟ್ ಬಳೆಗೆ ತಾಗಿದರೆ ಚಾರ್ಜರ್ ಚಿಪ್ ಜೊತೆ ಬೋರ್ಡ್‌ನಲ್ಲಿ ಅದನ್ನು ಓದುವ ಭಾಗವೂ ಸುಡುತ್ತೆ. ಆಮೇಲೆ ಯಾವ ಚಾರ್ಜರ್ ಹಾಕಿದರೂ ಗುರುತು ಸಿಗಲ್ಲ. ಇ7470ರಲ್ಲಿ ಟೈಪ್-ಸಿ ಚಾರ್ಜಿಂಗ್ ಆಸರೆ ಇಲ್ಲದ್ದರಿಂದ ನೀವು ಇನ್ನೂ ಜೋಪಾನ.

ಧಾರವಾಡ_ಥಿಂಕ್
ಟಿ480 ಒಳಗ ಎರಡ ರ್‍ಯಾಮ್ ಸ್ಲಾಟ್, 32 ಜಿಬಿ, 72ರ ಬ್ಯಾಟರಿ. ಫೋಟೋ ಹಾಕ್ಲೇನ್ರಿ?

ಉಡುಪಿ_ಡಾಕ್
7490ರಲ್ಲೂ ಎರಡು ಸ್ಲಾಟ್, 32 ಜಿಬಿ ಉಂಟು. ಫೋಟೋಕ್ಕೆ ಬೇರೆ ಥ್ರೆಡ್ ತೆರೆಯಿರಿ.

ದುರ್ಗದ_ಹುಡುಗ
ಅಸಲಿ 90 ವ್ಯಾಟ್ ಎರವಲು ಸಿಕ್ಕಿತು, ಬಯಾಸ್‌ನಲ್ಲಿ 90 ವ್ಯಾಟ್ ಅಂತ ಬಂತು. ಜ್ಯಾಕ್ ಸರಿ ಇದೆ. ಅಂಗಡಿಯವರು ಚಾರ್ಜರ್ ಬದಲಾಯಿಸಲ್ಲ ಅಂತಿದ್ದಾರೆ. 65 ವ್ಯಾಟ್‌ನ ಅಸಲಿ ಕೊಳ್ಳುವಾಗ ನಕಲಿ ಅಲ್ಲ ಅಂತ ಹೇಗೆ ಗುರುತಿಸೋದು?

ಬೆಸುಗೆ_ಮೇಜು
ಸ್ಟಿಕ್ಕರ್, ಹೊಲೊಗ್ರಾಮ್ ನಂಬಬೇಡಿ. ಲ್ಯಾಪ್‌ಟಾಪ್ ಅಂಗಡಿಗೇ ಒಯ್ಯಿರಿ. ಚಾರ್ಜರ್ ಹಾಕಿ ಬಯಾಸ್‌ನಲ್ಲಿ ವ್ಯಾಟ್ ಅಂಕಿ ನೋಡಿ, ವಿಂಡೋಸ್‌ನಲ್ಲಿ ಸ್ಪೀಡ್ 3 ದಾಟುತ್ತಾ ನೋಡಿ, ಕೇಬಲ್ಲನ್ನು ಪ್ಲಗ್ ಬುಡದಲ್ಲಿ ಮೆಲ್ಲಗೆ ಆ ಕಡೆ ಈ ಕಡೆ ಬಾಗಿಸಿ ನೋಡಿ, ಅಂಕಿ ಮಾಯ ಆಗಬಾರದು. ಚಿಪ್ ಇರುವ ನಕಲಿಗಳೂ ಇವೆ, ಅದಕ್ಕೆ ಒಂದರ್ಧ ಗಂಟೆ ಅಲ್ಲೇ ಭಾರದ ಕೆಲಸ ಕೊಟ್ಟು ಇಟ್ಟಿಗೆ ಮುಟ್ಟಿ ನೋಡಿ. ಕೈ ಇಡಲಾಗದಷ್ಟು ಕಾದರೆ ವಾಪಸ್ ಕೊಡಿ. ಬಿಲ್ ಮೇಲೆ ಮಾಡೆಲ್ ಮತ್ತು ವ್ಯಾಟ್ ಬರೆಸಿಕೊಳ್ಳಿ.

ತಂಪು_ಕೋರ್
ಪೇಸ್ಟ್ ಯಾವಾಗ ಬದಲಾಯಿಸ್ತೀಯ?